ದ್ರವ ಅನಿಲದ ಶೈತ್ಯದಿಂದ ವಿದ್ಯುತ್: ಲೆಕ್ಕ ಹಾಕಿದರೆ ಸಿಗುವುದೆಷ್ಟು?

ಪ್ರಶ್ನೆ: ಕೊಚ್ಚಿಯಿಂದ ಕೊಳವೆಮಾರ್ಗದಲ್ಲಿ ನಮ್ಮ ಮಂಗಳೂರಿಗೆ ನೈಸರ್ಗಿಕ ಅನಿಲ ಬರುತ್ತಿದೆ. ಅದು ಹಡಗಿನಲ್ಲಿ ಮೈನಸ್ 162 ಡಿಗ್ರಿಯ ದ್ರವವಾಗಿ ಬಂದಿಳಿಯುತ್ತದೆ ಎಂದೂ, ಜಪಾನಿನಲ್ಲಿ ಆ ಶೈತ್ಯದಿಂದಲೇ ವಿದ್ಯುತ್ ತಯಾರಿಸುತ್ತಾರೆ ಎಂದೂ ಓದಿದೆ. ತಣ್ಣಗಿದೆ ಎಂದರೆ ಶಾಖ ಇಲ್ಲ ಎಂದರ್ಥ. ಇಲ್ಲದ್ದರಿಂದ ಶಕ್ತಿ ಹೇಗೆ ಬರುತ್ತದೆ? ಬರುವುದು ನಿಜವಾದರೆ ನಮ್ಮ ಕರಾವಳಿಯಲ್ಲಿ ಅದನ್ನು ಏಕೆ ಮಾಡುತ್ತಿಲ್ಲ? ಮಂಗಳೂರಿನಲ್ಲೇ ಮಾಡಬಹುದೇ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ನೀವು ಓದಿದ್ದು ನಿಜ. ಜಪಾನಿನ ಒಸಾಕಾ ಬಳಿಯ ಸೆನ್‌ಬೊಕು ಟರ್ಮಿನಲ್‌ನಲ್ಲಿ ಒಸಾಕಾ ಗ್ಯಾಸ್ ಸಂಸ್ಥೆ 1979ರಲ್ಲೇ ಇಂಥ ಸ್ಥಾವರವನ್ನು ನಡೆಸಲು ಶುರುಮಾಡಿತು. ಆದರೆ ಹೀಗೆ ಸಿಗುವ ವಿದ್ಯುತ್ ಕೆಲವೇ ಮೆಗಾವಾಟ್‌ಗಳ ಅಳತೆಯದು, ಮತ್ತು ಅನಿಲ ಮಂಗಳೂರಿಗೆ ಮುಟ್ಟುವಷ್ಟರಲ್ಲಿ ಆ ಶೈತ್ಯ ಪೂರ್ತಿಯಾಗಿ ಕರಗಿಹೋಗಿರುತ್ತದೆ. ನಿಮ್ಮ ಮೊದಲ ಪ್ರಶ್ನೆ, ಅಂದರೆ ‘ಇಲ್ಲದ್ದರಿಂದ ಶಕ್ತಿ ಹೇಗೆ’ ಎಂಬುದು, ಇಡೀ ವಿಷಯದ ಬೇರಿಗೇ ಕೈ ಹಾಕುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮದುವೆಮನೆಯ ಅಡುಗೆಯಲ್ಲಿ ದೊಡ್ಡ ಒಲೆಗಳನ್ನು ಒಟ್ಟಿಗೆ ಉರಿಸುವಾಗ ಭಟ್ಟರು ಸಿಲಿಂಡರನ್ನು ನೀರು ತುಂಬಿದ ದೊಡ್ಡ ಪಾತ್ರೆಯೊಳಗೆ ನಿಲ್ಲಿಸುವುದನ್ನು ನೀವು ನೋಡಿರಬಹುದು. ಸಿಲಿಂಡರಿನೊಳಗಿನ ದ್ರವ ಅನಿಲವಾಗಲು ಶಾಖ ಬೇಕು. ಅದು ಸಿಲಿಂಡರಿನ ಮೈಯಿಂದ, ಮೈ ಸುತ್ತಲಿನ ಗಾಳಿಯಿಂದ ಬರುತ್ತದೆ. ಉರಿ ಜಾಸ್ತಿಯಾದಾಗ ಗಾಳಿಯಿಂದ ಬರುವ ಶಾಖ ಸಾಲದೆ ಸಿಲಿಂಡರಿನ ಹೊರಮೈಯಲ್ಲಿ, ಒಳಗೆ ದ್ರವ ಇರುವ ಮಟ್ಟದವರೆಗೆ, ಮೊದಲು ಬೆವರು, ಆಮೇಲೆ ಬಿಳಿಯ ಹಿಮದ ಪದರ ಕಟ್ಟಿಕೊಂಡು ಒಲೆ ಸೊರಗುತ್ತದೆ. ಪಾತ್ರೆಯ ನೀರು ಆ ಶಾಖವನ್ನು ಒದಗಿಸುತ್ತದೆ. ಎಲ್‌ಎನ್‌ಜಿ, ಅಂದರೆ ತಣಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲವನ್ನು ಹಡಗಿನಿಂದ ಇಳಿಸಿಕೊಳ್ಳುವ ಟರ್ಮಿನಲ್‌ನಲ್ಲಿ ನಡೆಯುವುದೂ ಇದೇ ಕೆಲಸ. ಪಾತ್ರೆಯ ಬದಲು ಅಲ್ಲಿ ಸಮುದ್ರವಿರುತ್ತದೆ. ಒಂದು ಟನ್ ದ್ರವವನ್ನು ಅನಿಲವಾಗಿಸಿ ಸಾಮಾನ್ಯ ಉಷ್ಣಾಂಶಕ್ಕೆ ತರಲು ಒತ್ತಡಕ್ಕೆ ತಕ್ಕಂತೆ ಸುಮಾರು 200ರಿಂದ 230 ಯೂನಿಟ್‌ನಷ್ಟು (ಯೂನಿಟ್ ಎಂದರೆ ವಿದ್ಯುತ್ ಬಿಲ್ಲಿನ ಕಿಲೋವಾಟ್-ಗಂಟೆಯೇ) ಶಾಖ ಬೇಕು. ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಟರ್ಮಿನಲ್ ಪೂರ್ಣ ಪ್ರಮಾಣದಲ್ಲಿ ನಡೆದರೆ ಗಂಟೆಗೆ ಸುಮಾರು 570 ಟನ್ ದ್ರವ ಆವಿಯಾಗಬೇಕು, ಅಂದರೆ ಸುತ್ತಲಿನ ನೀರು ಅಥವಾ ಗಾಳಿಯಿಂದ ಎಡೆಬಿಡದೆ ಸುಮಾರು 120 ಮೆಗಾವಾಟ್ ಶಾಖ ಆ ದ್ರವದೊಳಕ್ಕೆ ಹರಿಯುತ್ತಲೇ ಇರಬೇಕು.

ಈ ಹರಿವೇ ಮುಖ್ಯ. ಶೈತ್ಯವೆಂಬುದು ಒಂದು ವಸ್ತುವಲ್ಲ, ನಿಜ. ಅದನ್ನು ನೆಲದಲ್ಲಿ ತೋಡಿದ ಆಳವಾದ ಹೊಂಡ ಎಂದುಕೊಳ್ಳಿ. ಪಕ್ಕದಲ್ಲಿ ಕೆರೆಯಿದ್ದರೆ ಅದರ ನೀರು ಹೊಂಡಕ್ಕೆ ಧುಮುಕುತ್ತದೆ, ಧುಮುಕುವ ದಾರಿಯಲ್ಲಿ ಒಂದು ಚಕ್ರವನ್ನಿಟ್ಟರೆ ಚಕ್ರ ತಿರುಗುತ್ತದೆ, ಹೊಂಡ ತುಂಬಿದ ಮೇಲೆ ಚಕ್ರ ನಿಲ್ಲುತ್ತದೆ. ಇಲ್ಲಿ ಕೆರೆ ಎಂದರೆ ಸೂರ್ಯನ ಬಿಸಿಲಿಗೆ ಕಾದ ಸಮುದ್ರ. ಹೊಂಡ ಎಂದರೆ ಮೈನಸ್ 162 ಡಿಗ್ರಿಯ ದ್ರವ. ಹೊಂಡ ತಾನಾಗಿ ಹುಟ್ಟಿದ್ದಲ್ಲ. ಅದನ್ನು ಕತಾರಿನಲ್ಲೋ ಆಸ್ಟ್ರೇಲಿಯಾದಲ್ಲೋ ಭಾರಿ ಕಂಪ್ರೆಸರ್‌ಗಳನ್ನು ಓಡಿಸಿ, ಟನ್ನಿಗೆ ಸುಮಾರು 300 ಯೂನಿಟ್‌ನಷ್ಟು ಶಕ್ತಿ ಖರ್ಚುಮಾಡಿ ತೋಡಿರುತ್ತಾರೆ, ಮತ್ತು ಆ ಖರ್ಚು ನಾವು ಅನಿಲಕ್ಕೆ ತೆರುವ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಶೂನ್ಯದಿಂದ ಶಕ್ತಿ ಹುಟ್ಟಿಸುವ ಮಾತೇ ಇಲ್ಲ. ಈಗಾಗಲೇ ಹಣ ಕೊಟ್ಟು ಹೊಂಡವನ್ನು ಕೊಂಡಿದ್ದೇವೆ, ಅದು ತುಂಬುವಾಗ ಚಕ್ರವನ್ನಿಡುತ್ತೇವೆಯೋ ಸುಮ್ಮನೆ ತುಂಬಲು ಬಿಡುತ್ತೇವೆಯೋ ಎಂಬುದಷ್ಟೇ ಪ್ರಶ್ನೆ.

ಹೊಂಡದ ಹೋಲಿಕೆಯಲ್ಲಿ ಇನ್ನೊಂದು ಸತ್ಯವೂ ಅಡಗಿದೆ, ಮತ್ತು ಎಂಜಿನಿಯರುಗಳು ಈ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಹೊಂಡ ತುಂಬುತ್ತಾ ಹೋದಂತೆ ಅದರ ಆಳ ಕಡಿಮೆಯಾಗುತ್ತದೆ. ಹಾಗೆಯೇ ದ್ರವ ಬೆಚ್ಚಗಾಗುತ್ತಾ ಹೋದಂತೆ ಉಳಿದ ಶೈತ್ಯದ ಯೋಗ್ಯತೆ ಕುಸಿಯುತ್ತದೆ. ಸಮುದ್ರದ ಉಷ್ಣಾಂಶವನ್ನು 27 ಡಿಗ್ರಿ, ಅಂದರೆ 300 ಕೆಲ್ವಿನ್ (ಡಿಗ್ರಿಗೆ 273 ಕೂಡಿಸಿದರೆ ಕೆಲ್ವಿನ್) ಎಂದಿಟ್ಟುಕೊಳ್ಳೋಣ. ಮೈನಸ್ 162 ಡಿಗ್ರಿ ಎಂದರೆ 111 ಕೆಲ್ವಿನ್. ಉಷ್ಣಾಂಶದ ವ್ಯತ್ಯಾಸದಿಂದ ಹೆಚ್ಚೆಂದರೆ ಎಷ್ಟು ಕೆಲಸ ಸಿಗಬಹುದೆಂದು ಹೇಳುವ ಕಾರ್ನೋ ನಿಯಮದ ಪ್ರಕಾರ ಆ ಮಟ್ಟದಲ್ಲಿ ದ್ರವ ಹೀರಿಕೊಳ್ಳುವ ಪ್ರತಿ ಒಂದು ಯೂನಿಟ್ ಶಾಖಕ್ಕೆ ಪ್ರತಿಯಾಗಿ, ಆದರ್ಶ ಯಂತ್ರವೊಂದಿದ್ದರೆ, 1.7 ಯೂನಿಟ್ ಕೆಲಸವನ್ನು ಪಡೆಯಬಹುದು (ಸಮುದ್ರ ಕೊಟ್ಟ 2.7 ಯೂನಿಟ್ ಶಾಖದಲ್ಲಿ ದ್ರವಕ್ಕೆ ಸೇರುವ ಒಂದನ್ನು ಕಳೆದರೆ ಉಳಿಯುವುದು). ಅದೇ ಒಂದು ಯೂನಿಟ್ಟನ್ನು ಅನಿಲ ಮೈನಸ್ 30 ಡಿಗ್ರಿಗೆ ಬಂದ ಮೇಲೆ ಹೀರಿಕೊಂಡರೆ ಸಿಗುವುದು 0.23 ಮಾತ್ರ. ಕಿಲೋಜೌಲ್ ಲೆಕ್ಕದಲ್ಲಿ ಎರಡೂ ಸಮ. ಬೆಲೆಯಲ್ಲಿ ಏಳು ಪಟ್ಟು ವ್ಯತ್ಯಾಸ. ಹೀಗಾಗಿ ಯಾರಾದರೂ ‘ಇಷ್ಟು ಮೆಗಾವಾಟ್ ಶೈತ್ಯ ವ್ಯರ್ಥವಾಗುತ್ತಿದೆ’ ಎಂದು ಹೇಳಿದರೆ, ಯಾವ ಉಷ್ಣಾಂಶದ ಶೈತ್ಯ ಎಂದು ತಕ್ಷಣ ಕೇಳಬೇಕು. ಆ ಉತ್ತರವಿಲ್ಲದ ಅಂಕಿಗೆ ಅರ್ಥವಿಲ್ಲ.

ಈಗ ಸಾಮಾನ್ಯವಾಗಿ ಹೊಂಡ ಹೇಗೆ ತುಂಬುತ್ತದೆ ಎಂಬುದನ್ನು ನೋಡೋಣ. ಸಮುದ್ರದ ನೀರು ಬಳಸುವ ಹಲವು ಟರ್ಮಿನಲ್‌ಗಳಲ್ಲಿ ಓಪನ್ ರ‍್ಯಾಕ್ ವೇಪರೈಸರ್ ಎಂಬ ಸಲಕರಣೆ ಇರುತ್ತದೆ. ಎರಡಾಳೆತ್ತರಕ್ಕೂ ಮಿಗಿಲಾದ ಅಲ್ಯೂಮಿನಿಯಂ ಕೊಳವೆಗಳ ಗೋಡೆ. ಕೊಳವೆಗಳ ಒಳಗೆ ದ್ರವ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಹೊರಗೆ ಸಮುದ್ರದ ನೀರು ತೆಳುವಾದ ಪರದೆಯಂತೆ ಮೇಲಿನಿಂದ ಇಳಿಯುತ್ತದೆ. ಹತ್ತಿರ ನಿಂತರೆ ಮಳೆಗಾಲದ ಅಬ್ಬಿಯ ಸದ್ದು, ಉಪ್ಪಿನ ವಾಸನೆ, ಮುಖಕ್ಕೆ ತಾಕುವ ತಂಪು ಮಂಜು. ದ್ರವ ಒಳಹೊಗುವ ಬುಡದ ಭಾಗದಲ್ಲಿ ಮಾತ್ರ, ಅಷ್ಟು ನೀರು ಸುರಿಯುತ್ತಿದ್ದರೂ, ಕೊಳವೆಯ ಸುತ್ತ ಗಟ್ಟಿಯಾದ ಬಿಳಿ ಮಂಜುಗಡ್ಡೆಯ ಒರೆ ಸದಾ ಕಟ್ಟಿಕೊಂಡಿರುತ್ತದೆ. ಸಮುದ್ರ ಜೀವಿಗಳಿಗೆ ತೊಂದರೆಯಾಗದಿರಲೆಂದು ನೀರಿನ ಉಷ್ಣಾಂಶ ಐದಾರು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳುವುದರಿಂದ ಒಂದು ಟನ್ ದ್ರವಕ್ಕೆ 35ರಿಂದ 40 ಟನ್ ನೀರು ಬೇಕಾಗುತ್ತದೆ. 27 ಡಿಗ್ರಿಯ ನೀರಿಗೂ ಮೈನಸ್ 150 ಡಿಗ್ರಿಯ ದ್ರವಕ್ಕೂ ನಡುವೆ ಕೆಲವು ಮಿಲಿಮೀಟರ್ ಲೋಹವಷ್ಟೇ. ನೂರೆಪ್ಪತ್ತು ಡಿಗ್ರಿಗೂ ಮೀರಿದ ಆ ಇಳಿತವೆಲ್ಲ ಆ ತೆಳು ಗೋಡೆಯಲ್ಲಿ, ಯಾವ ಕೆಲಸವನ್ನೂ ಮಾಡದೆ, ಮುಗಿದುಹೋಗುತ್ತದೆ. ಮಂಜುಗಡ್ಡೆಯ ಆ ಒರೆಯನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಈ ದ್ರವದ ಅತ್ಯಂತ ಬೆಲೆಬಾಳುವ ಭಾಗ ಕಳೆದುಹೋಗುವ ಜಾಗ ಇದೇ.

ಇನ್ನೊಂದು ಬಗೆಯ ವೇಪರೈಸರ್‌ನಲ್ಲಿ ಸಮುದ್ರದ ನೀರು ದ್ರವವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಪ್ರೊಪೇನ್ ಇರುತ್ತದೆ. ನೀರಿನ ಕೊಳವೆಗಳ ಸುತ್ತ ಪ್ರೊಪೇನ್ ಕುದಿದು ಆವಿಯಾಗುತ್ತದೆ, ಆ ಆವಿ ಮೇಲೇರಿ ಎಲ್‌ಎನ್‌ಜಿ ಕೊಳವೆಗಳನ್ನು ತಾಕಿ ಮತ್ತೆ ದ್ರವವಾಗಿ ಕೆಳಗೆ ಸುರಿಯುತ್ತದೆ, ಆಗ ಬಿಟ್ಟುಕೊಟ್ಟ ಶಾಖ ಎಲ್‌ಎನ್‌ಜಿಗೆ ಸೇರುತ್ತದೆ. ವಿದ್ಯುತ್ ಸ್ಥಾವರ ಇಲ್ಲಿಂದ ಒಂದೇ ಹೆಜ್ಜೆ ದೂರ. ಪ್ರೊಪೇನ್ ಆವಿಯಾಗುವ ಪಾತ್ರೆಯನ್ನೂ ಅದು ದ್ರವವಾಗುವ ಪಾತ್ರೆಯನ್ನೂ ಬೇರೆ ಬೇರೆ ಮಾಡಿ, ನಡುವೆ ಟರ್ಬೈನ್ ಇಟ್ಟು, ತಣಿದ ಪ್ರೊಪೇನನ್ನು ಹಿಂದಕ್ಕೆ ತಳ್ಳಲು ಒಂದು ಪಂಪ್ ಜೋಡಿಸಿದರೆ ಅದೇ ರ‍್ಯಾಂಕಿನ್ ಚಕ್ರ. ರಾಯಚೂರಿನ ಉಷ್ಣ ಸ್ಥಾವರದಲ್ಲಿ ಕಲ್ಲಿದ್ದಲಿನ ಬೆಂಕಿಯಿಂದ ನೀರು ಉಗಿಯಾಗಿ, ಟರ್ಬೈನ್ ತಿರುಗಿಸಿ, ತಂಪುನೀರಿನ ಕಂಡೆನ್ಸರ್‌ನಲ್ಲಿ ಮತ್ತೆ ನೀರಾಗುತ್ತದಲ್ಲ, ಇದೂ ಅದೇ ಯಂತ್ರ. ಬೆಂಕಿಯ ಜಾಗದಲ್ಲಿ ಸಮುದ್ರ, ನೀರಿನ ಜಾಗದಲ್ಲಿ ಪ್ರೊಪೇನ್, ತಂಪುನೀರಿನ ಜಾಗದಲ್ಲಿ ಎಲ್‌ಎನ್‌ಜಿ. ಪ್ರೊಪೇನಿಗೆ ಸಮುದ್ರದ ನೀರೇ ಕಾದ ಬಾಯ್ಲರ್, ಏಕೆಂದರೆ ವಾತಾವರಣದ ಒತ್ತಡದಲ್ಲಿ ಅದು ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ.

ಸೆನ್‌ಬೊಕುವಿನ ಮೊದಲ ಸ್ಥಾವರ ಇದೇ ರೀತಿಯದು. ಗಂಟೆಗೆ 60 ಟನ್ ಎಲ್‌ಎನ್‌ಜಿ ಬಳಸಿ 1,450 ಕಿಲೋವಾಟ್. ಭಾಗಿಸಿ ನೋಡಿದರೆ ಟನ್ನಿಗೆ ಸುಮಾರು 24 ಯೂನಿಟ್. 1982ರಲ್ಲಿ ಅಲ್ಲಿಯೇ ಬಂದ ಎರಡನೆಯ ಸ್ಥಾವರ ಗಂಟೆಗೆ 150 ಟನ್ ಬಳಸಿ 6,000 ಕಿಲೋವಾಟ್ ಕೊಟ್ಟಿತು, ಅಂದರೆ ಟನ್ನಿಗೆ 40 ಯೂನಿಟ್. ಹೆಚ್ಚಳಕ್ಕೆ ಕಾರಣ, ಅದರಲ್ಲಿ ಪ್ರೊಪೇನ್ ಚಕ್ರದ ಜೊತೆಗೆ ಇನ್ನೊಂದು ಟರ್ಬೈನನ್ನು ನೈಸರ್ಗಿಕ ಅನಿಲದ ದಾರಿಯಲ್ಲೇ ಇಟ್ಟಿದ್ದರು: ದ್ರವವನ್ನು ಬೇಕಾದ್ದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಪಂಪ್ ಮಾಡಿ, ಆವಿಯಾದ ಮೇಲೆ ಅನಿಲವನ್ನು ಟರ್ಬೈನ್ ಮೂಲಕ ಕೆಳಗಿನ ಒತ್ತಡಕ್ಕೆ ಹಿಗ್ಗಲು ಬಿಡುವುದು. ಇದನ್ನು ನೇರ ಹಿಗ್ಗುವಿಕೆ ಎನ್ನಬಹುದು. ಆ ದಶಕದಲ್ಲಿ ಟೋಕಿಯೊ ಬಳಿಯ ನೆಗಿಶಿ ಸೇರಿದಂತೆ ಜಪಾನಿನ ಹಲವು ಟರ್ಮಿನಲ್‌ಗಳಲ್ಲಿ ಇಂಥ ಸ್ಥಾವರಗಳು ಬಂದವು. 1973ರ ಮತ್ತು 1979ರ ತೈಲ ಬಿಕ್ಕಟ್ಟುಗಳಿಂದ ಬೆಚ್ಚಿದ್ದ, ಇಂಧನವನ್ನು ಬಹುತೇಕ ಹೊರಗಿನಿಂದಲೇ ತರಿಸಿಕೊಳ್ಳುವ ದೇಶವೊಂದು ಕೈಗೆ ಬಂದ ಪ್ರತಿ ಯೂನಿಟ್ಟನ್ನೂ ಎಣಿಸಿ ಇಟ್ಟುಕೊಂಡ ಕಾಲ ಅದು.

ಟನ್ನಿಗೆ 24 ಅಥವಾ 40 ಯೂನಿಟ್ ಎಂದರೆ ಒಳ್ಳೆಯದೋ ಕಡಿಮೆಯೋ? ಇದನ್ನು ತೂಗಲು ಮೊದಲು ಗರಿಷ್ಠ ಎಷ್ಟು ಸಾಧ್ಯ ಎಂದು ತಿಳಿದಿರಬೇಕು. ವಾತಾವರಣದ ಒತ್ತಡದಲ್ಲಿರುವ ಒಂದು ಟನ್ ದ್ರವ ಮೀಥೇನ್ ಮತ್ತೆ ಸುತ್ತಲಿನ ಉಷ್ಣಾಂಶ, ಒತ್ತಡಗಳಿಗೆ ಮರಳುವಾಗ ಆದರ್ಶ ಯಂತ್ರವೊಂದು ಅದರಿಂದ ಸುಮಾರು 300 ಯೂನಿಟ್ ಕೆಲಸವನ್ನು ಪಡೆಯಬಲ್ಲದು. ಆದರೆ ಟರ್ಮಿನಲ್ ಅನಿಲವನ್ನು ವಾತಾವರಣದ ಒತ್ತಡದಲ್ಲಿ ಹೊರಬಿಡುವುದಿಲ್ಲ. ದೂರದ ಕೊಳವೆಮಾರ್ಗಕ್ಕೆ 80 ಬಾರ್ (ಒಂದು ಬಾರ್ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ಆಸುಪಾಸಿನ ಒತ್ತಡದಲ್ಲಿ ಕಳುಹಿಸುತ್ತದೆ. ಅನಿಲವನ್ನು ಅನಿಲವಾಗಿಯೇ ಆ ಒತ್ತಡಕ್ಕೆ ಏರಿಸಬೇಕಾಗಿದ್ದರೆ ಆದರ್ಶ ಕಂಪ್ರೆಸರ್‌ಗೂ ಟನ್ನಿಗೆ ಸುಮಾರು 190 ಯೂನಿಟ್ ಬೇಕಿತ್ತು. ದ್ರವ ಕುಗ್ಗುವುದಿಲ್ಲವಾದ್ದರಿಂದ ಪಂಪ್ ಅದೇ ಕೆಲಸವನ್ನು ಏಳೆಂಟು ಯೂನಿಟ್‌ನಲ್ಲಿ ಮುಗಿಸುತ್ತದೆ. ಅಂದರೆ ಹೊಂಡದ ಅರ್ಧಕ್ಕಿಂತ ಹೆಚ್ಚು ಭಾಗ ಈಗಾಗಲೇ, ಯಾರೂ ಅದನ್ನು ‘ಶೈತ್ಯದ ಬಳಕೆ’ ಎಂದು ಕರೆಯದಿದ್ದರೂ, ಕೊಳವೆಯಲ್ಲಿನ ಒತ್ತಡವಾಗಿ ನಮಗೆ ಸಿಗುತ್ತಿದೆ. ಕೊಚ್ಚಿಯಿಂದ ಮಂಗಳೂರಿನವರೆಗಿನ ಸುಮಾರು 450 ಕಿಲೋಮೀಟರ್ ದೂರಕ್ಕೆ ಅನಿಲವನ್ನು ತಳ್ಳುವ ಬಲ ಅದರದ್ದೇ. ಶೈತ್ಯದ ಬಗ್ಗೆ ಬರುವ ಲೇಖನಗಳಲ್ಲಿ ಈ ಮಾತು ಬಹಳ ಅಪರೂಪ, ಆದರೆ ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಒತ್ತಡದ ಪಾಲು ಕಳೆದು ಉಳಿಯುವುದು ಟನ್ನಿಗೆ 110 ಯೂನಿಟ್ ಮಾತ್ರ. ಅದರಲ್ಲಿ 24 ಯೂನಿಟ್ ಪಡೆದರೆ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು.

ಉಳಿದದ್ದು ಏಕೆ ಸಿಗುವುದಿಲ್ಲ? ಇಲ್ಲಿ ಪ್ರೊಪೇನಿನ ಸ್ವಭಾವ ಅಡ್ಡ ಬರುತ್ತದೆ. ಪ್ರೊಪೇನನ್ನು ಮೈನಸ್ 42ಕ್ಕಿಂತ ಕೆಳಗಿನ ಉಷ್ಣಾಂಶದಲ್ಲಿ ದ್ರವವಾಗಿಸಬೇಕಾದರೆ ಕಂಡೆನ್ಸರ್ ಒಳಗಿನ ಒತ್ತಡ ವಾತಾವರಣಕ್ಕಿಂತ ಕಡಿಮೆಯಾಗುತ್ತದೆ. ಒಂದು ಸಣ್ಣ ಬಿರುಕಿದ್ದರೂ ಗಾಳಿ ಒಳಕ್ಕೆ ಸೆಳೆದುಕೊಂಡು ಬಂದು ಪ್ರೊಪೇನ್ ಜೊತೆ ಬೆರೆಯುತ್ತದೆ. ಉರಿಯುವ ಅನಿಲದ ಯಂತ್ರದಲ್ಲಿ ಯಾವ ವಿನ್ಯಾಸಕಾರನೂ ಒಪ್ಪದ ಸ್ಥಿತಿ ಅದು. ಆದ್ದರಿಂದ ಪ್ರೊಪೇನ್ ಮೈನಸ್ 40ರ ಹತ್ತಿರವೇ ನಿಲ್ಲುತ್ತದೆ, ಮೈನಸ್ 160ರಿಂದ ಮೈನಸ್ 40ರವರೆಗಿನ ಆಳವೆಲ್ಲ ಕಂಡೆನ್ಸರ್‌ನ ಲೋಹದಲ್ಲೇ ವ್ಯರ್ಥವಾಗುತ್ತದೆ. ಮೈನಸ್ 40 ಮತ್ತು 15 ಡಿಗ್ರಿಗಳ ನಡುವೆ ಓಡುವ ಯಂತ್ರದ ಕಾರ್ನೋ ಮಿತಿ ಶೇಕಡ 19, ನಿಜವಾದ ಯಂತ್ರದಲ್ಲಿ ಶೇಕಡ 13ರ ಸುಮಾರು. ಒಂದು ಟನ್ ಎಲ್‌ಎನ್‌ಜಿ ಮೈನಸ್ 45ಕ್ಕೆ ಬರುವವರೆಗೆ ಹೀರಬಲ್ಲ ಶಾಖ ಸುಮಾರು 150 ಯೂನಿಟ್ (ಸಮುದ್ರದಿಂದ ಪಡೆದದ್ದರಲ್ಲಿ ಕೆಲಸವಾಗದೆ ಉಳಿಯುವ ಶೇಕಡ 87 ಇದೇ) ಎಂದು ಹಿಡಿದು ಲೆಕ್ಕ ಹಾಕಿದರೆ ಟನ್ನಿಗೆ 22-23 ಯೂನಿಟ್ ಬರುತ್ತದೆ. ಸೆನ್‌ಬೊಕುವಿನ 24ಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಒಮ್ಮೆ ಸ್ವತಃ ಮಾಡಿ ನೋಡಬೇಕು.

ಹೆಚ್ಚು ಆಳಕ್ಕೆ ಇಳಿಯಬೇಕೆಂದರೆ ಮೈನಸ್ 89ರಲ್ಲಿ ಕುದಿಯುವ ಈಥೇನ್, ಮೈನಸ್ 104ರಲ್ಲಿ ಕುದಿಯುವ ಎಥಿಲೀನ್‌ನಂಥ ದ್ರವಗಳ ಚಕ್ರವನ್ನು ಪ್ರೊಪೇನ್ ಚಕ್ರದ ಕೆಳಗೆ ಜೋಡಿಸಬೇಕು, ಅಥವಾ ಹಲವು ಹೈಡ್ರೋಕಾರ್ಬನ್‌ಗಳನ್ನು ಬೆರೆಸಿದ ದ್ರವವನ್ನು ಬಳಸಬೇಕು. ಮಿಶ್ರಣಕ್ಕೆ ಒಂದು ಗುಣವಿದೆ: ಶುದ್ಧ ದ್ರವದಂತೆ ಒಂದೇ ಉಷ್ಣಾಂಶದಲ್ಲಿ ಅಲ್ಲದೆ, ಒಂದು ಹರವಿನುದ್ದಕ್ಕೂ ನಿಧಾನವಾಗಿ ದ್ರವವಾಗುತ್ತಾ ಬರುತ್ತದೆ. ಇತ್ತ ಎಲ್‌ಎನ್‌ಜಿಯೂ 46 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ಒಂದು ನಿಶ್ಚಿತ ಉಷ್ಣಾಂಶದಲ್ಲಿ ಕುದಿಯದೆ ಜಾರುತ್ತಾ ಬೆಚ್ಚಗಾಗುತ್ತದೆ. ಎರಡು ಜಾರುವಿಕೆಗಳನ್ನೂ ಹೊಂದಿಸಿದಷ್ಟೂ ನಷ್ಟ ಕಡಿಮೆ. 1985ರಲ್ಲಿ ನೆಗಿಶಿಯಲ್ಲಿ ಬಂದ 4,000 ಕಿಲೋವಾಟ್ ಸ್ಥಾವರ ಹೀಗೆ ಹೈಡ್ರೋಕಾರ್ಬನ್ ಮಿಶ್ರಣವನ್ನೇ ಬಳಸಿತು. ಆ ಕಾಲದ ಇನ್ನು ಕೆಲವು ಸ್ಥಾವರಗಳು ಬೆಂಕಿ ಹತ್ತದ ಫ್ರಿಯಾನ್ ಜಾತಿಯ ದ್ರವಗಳನ್ನು ಆಯ್ದುಕೊಂಡಿದ್ದವು. ಓಜೋನ್ ಪದರಕ್ಕೆ ಹಾನಿ ಮಾಡುವ ಅಂಥ ದ್ರವಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಕೈಬಿಡಬೇಕಾಗಿ ಬಂದಿದ್ದರಿಂದ ಆ ದಾರಿ ಮುಚ್ಚಿತು. ನೇರ ಹಿಗ್ಗುವಿಕೆಗೂ ಒಂದು ಮಿತಿಯಿದೆ. ಪಕ್ಕದ ವಿದ್ಯುತ್ ಸ್ಥಾವರದ ಬಾಯ್ಲರ್‌ಗೆ ಕಡಿಮೆ ಒತ್ತಡದ ಅನಿಲ ಸಾಕಾದಲ್ಲಿ, ಜಪಾನಿನ ವಿದ್ಯುತ್ ಕಂಪನಿಗಳಲ್ಲಿ ಇದ್ದಂತೆ, ಅದು ಚೆನ್ನಾಗಿ ನಡೆಯುತ್ತದೆ. ನಮ್ಮ ಟರ್ಮಿನಲ್‌ಗಳು ನೂರಾರು ಕಿಲೋಮೀಟರ್ ದೂರಕ್ಕೆ ಅನಿಲ ಕಳುಹಿಸಬೇಕಾದ್ದರಿಂದ ಒತ್ತಡವನ್ನು ಟರ್ಬೈನ್‌ಗೆ ಕೊಟ್ಟುಬಿಟ್ಟರೆ ಕೊಳವೆಗೆ ಏನೂ ಉಳಿಯುವುದಿಲ್ಲ.

ಇನ್ನೊಂದು ಹೋಲಿಕೆಯನ್ನೂ ಮುಚ್ಚಿಡಬಾರದು. ಅದೇ ಒಂದು ಟನ್ ಅನಿಲವನ್ನು ಒಳ್ಳೆಯ ಕಂಬೈನ್ಡ್ ಸೈಕಲ್ ಸ್ಥಾವರದಲ್ಲಿ (ಗ್ಯಾಸ್ ಟರ್ಬೈನಿನ ಬಿಸಿ ಹೊಗೆಯಿಂದ ಉಗಿ ಟರ್ಬೈನನ್ನೂ ಓಡಿಸುವಂಥದ್ದು) ಉರಿಸಿದರೆ ಸುಮಾರು 7,500 ಯೂನಿಟ್ ಸಿಗುತ್ತದೆ. ಶೈತ್ಯದ 24ರಿಂದ 40 ಯೂನಿಟ್ ಅದರ ಶೇಕಡ ಅರ್ಧವನ್ನೂ ಅಷ್ಟಾಗಿ ದಾಟುವುದಿಲ್ಲ. ದೇಶದ ವಿದ್ಯುತ್ ಕೊರತೆಗೆ ಇದು ಪರಿಹಾರವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಈ ಅರ್ಧ ಶೇಕಡಕ್ಕೆ ಹೊಸದಾಗಿ ಒಂದು ಚೂರೂ ಇಂಧನ ಉರಿಯುವುದಿಲ್ಲ, ಹೊಗೆ ಏಳುವುದಿಲ್ಲ, ಕೊಂಡಾಗಿದೆ ಎಂಬ ಕಾರಣಕ್ಕೇ ಅದನ್ನು ಬಿಡಬಾರದು ಎಂದು ನಾನು ಬಲವಾಗಿ ನಂಬುತ್ತೇನೆ.

ಈಗ ನಮ್ಮ ಕರಾವಳಿಗೆ ಬರೋಣ. ಭಾರತದ ಮೊದಲ ಎಲ್‌ಎನ್‌ಜಿ ಟರ್ಮಿನಲ್ ಗುಜರಾತಿನ ದಹೇಜ್‌ನಲ್ಲಿ 2004ರಲ್ಲಿ ಶುರುವಾಯಿತು. ಆಮೇಲೆ ಹಜಿರಾ, ದಾಭೋಲ್, ಕೊಚ್ಚಿ, ಎನ್ನೂರು, ಮುಂದ್ರಾ, ಧಾಮ್ರಾ ಬಂದವು. ಶೈತ್ಯದ ಸ್ಥಾವರಕ್ಕೆ ಇವುಗಳಲ್ಲಿ ಯೋಗ್ಯವಾದದ್ದನ್ನು ಆರಿಸಲು ಒಂದೇ ಪ್ರಶ್ನೆ ಸಾಕು: ವರ್ಷವಿಡೀ, ಹಗಲು ರಾತ್ರಿ, ಹರಿವು ಒಂದೇ ಸಮ ಇರುತ್ತದೆಯೇ? ಕೊಚ್ಚಿಯದು ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯ. ಪೂರ್ತಿ ನಡೆದರೆ ಪ್ರೊಪೇನ್ ಚಕ್ರದಿಂದ 13-14 ಮೆಗಾವಾಟ್ ಸಿಗಬಹುದಿತ್ತು. ಆದರೆ 2013ರಲ್ಲಿ ಶುರುವಾದ ಆ ಟರ್ಮಿನಲ್, ಅನಿಲ ಒಯ್ಯುವ ಕೊಳವೆ ಇಲ್ಲದೆ, ಮೊದಲ ವರ್ಷಗಳಲ್ಲಿ ಸಾಮರ್ಥ್ಯದ ಶೇಕಡ ಹತ್ತನ್ನೂ ಮುಟ್ಟಲಿಲ್ಲ. 2021ರ ಜನವರಿಯಲ್ಲಿ ಮಂಗಳೂರಿನ ಕೊಳವೆಮಾರ್ಗ ಉದ್ಘಾಟನೆಯಾದ ಮೇಲೆ, ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಂಥ ದೊಡ್ಡ ಗ್ರಾಹಕರು ಸಿಕ್ಕ ಮೇಲೆ, ಅದು ಶೇಕಡ 20ರ ಆಸುಪಾಸಿಗೆ ಏರಿತು. ಅಷ್ಟನ್ನೇ ಹಿಡಿದರೆ ಗಂಟೆಗೆ ಸುಮಾರು 114 ಟನ್, ವಿದ್ಯುತ್ 2.7 ಮೆಗಾವಾಟ್, ವರ್ಷಕ್ಕೆ ಸುಮಾರು 2.4 ಕೋಟಿ ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 14 ಕೋಟಿ ರೂಪಾಯಿ ಚಿಲ್ಲರೆ. ಅದೂ ಹೆಚ್ಚಾಗಿ ಟರ್ಮಿನಲ್‌ನ ಸ್ವಂತ ಪಂಪು, ಕಂಪ್ರೆಸರ್‌ಗಳಿಗೇ ಹೋಗುತ್ತದೆ. ಸಣ್ಣ ಟರ್ಬೈನ್, ಅತಿಶೀತಕ್ಕೆ ತಡೆಯುವ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂ ಶಾಖ ವಿನಿಮಯಕಗಳು, ಟನ್‌ಗಟ್ಟಲೆ ಪ್ರೊಪೇನ್ ಇಟ್ಟುಕೊಳ್ಳುವ ಸುರಕ್ಷತಾ ವ್ಯವಸ್ಥೆ ಇವೆಲ್ಲ ಸೇರಿದಾಗ ಪ್ರತಿ ಕಿಲೋವಾಟ್‌ನ ಬಂಡವಾಳ ಸಾಮಾನ್ಯ ಸ್ಥಾವರಕ್ಕಿಂತ ಹೆಚ್ಚಾಗುತ್ತದೆ, ಆದಾಯ ಹರಿವಿನ ಮರ್ಜಿಗೆ ಬೀಳುತ್ತದೆ.

ದಾಭೋಲ್‌ನ ಕಥೆ ಬೇರೆ. 2013ರಿಂದ ದಾಭೋಲ್–ಬೆಂಗಳೂರು ಕೊಳವೆಮಾರ್ಗದ ಮೂಲಕ ಕರ್ನಾಟಕಕ್ಕೆ ಅನಿಲ ಹರಿಸುತ್ತಿರುವ ಆ ತೀರದ ಟರ್ಮಿನಲ್‌ಗೆ, ಅಲೆತಡೆ ಗೋಡೆ ಪೂರ್ಣವಾಗಿರದ ಕಾರಣ, ಹಲವು ವರ್ಷ ಮಳೆಗಾಲದಲ್ಲಿ ಹಡಗು ತರಲಾಗುತ್ತಿರಲಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ನಿಂತ ಟರ್ಬೈನ್ ಸಾಲ ತೀರಿಸಲಾರದು. ಆದರೆ ಪಕ್ಕದಲ್ಲೇ 1,967 ಮೆಗಾವಾಟ್‌ನ ಅನಿಲ ವಿದ್ಯುತ್ ಸ್ಥಾವರ ಇರುವುದರಿಂದ ಜಾಗದ ಮಟ್ಟಿಗೆ ಅದು ಉತ್ತಮ: ಗ್ಯಾಸ್ ಟರ್ಬೈನ್ ಒಳಗೆಳೆದುಕೊಳ್ಳುವ ಗಾಳಿಯನ್ನು ಶೈತ್ಯದಿಂದ ತಂಪಾಗಿಸಿದರೆ ಅದೇ ಟರ್ಬೈನ್ ಬೇಸಿಗೆಯಲ್ಲಿ ಹೆಚ್ಚು ವಿದ್ಯುತ್ ಕೊಡುತ್ತದೆ, ಇದಕ್ಕೆ ಪ್ರತ್ಯೇಕ ಪ್ರೊಪೇನ್ ಚಕ್ರವೇ ಬೇಡ. ಅಚ್ಚುಕಟ್ಟಾದ ಹರಿವು ಇರುವುದು ದಹೇಜ್‌ನಲ್ಲಿ. ವರ್ಷಕ್ಕೆ 1.75 ಕೋಟಿ ಟನ್ ಎಂದು ಹಿಡಿದರೆ ಗಂಟೆಗೆ ಸುಮಾರು 2,000 ಟನ್. ಟನ್ನಿಗೆ 24 ಯೂನಿಟ್‌ನಂತೆ 48 ಮೆಗಾವಾಟ್. ಇಡೀ ಹರಿವನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕುವುದು ಜಾಣತನವಲ್ಲವಾದರೂ, ವರ್ಷವಿಡೀ ಖಂಡಿತವಾಗಿ ಇರುವ ಕನಿಷ್ಠ ಹರಿವಿಗೆ ತಕ್ಕಂತೆ ಸ್ಥಾವರ ಕಟ್ಟಬೇಕಾದರೆ ನಮ್ಮ ದೇಶದಲ್ಲಿ ಮೊದಲು ನೋಡಬೇಕಾದ ಜಾಗ ಅದು.

‘ಕನಿಷ್ಠ ಹರಿವು’ ಎಂಬ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಾನು ಪರಿಶೀಲಿಸಬೇಕಾಗಿ ಬಂದ ಒಂದು ಯೋಜನಾ ವರದಿಯಲ್ಲಿ ಶೈತ್ಯದ ವಿದ್ಯುತ್ತನ್ನು ಟರ್ಮಿನಲ್‌ನ ಫಲಕದ ಮೇಲಿನ ಪೂರ್ಣ ಸಾಮರ್ಥ್ಯಕ್ಕೆ ಲೆಕ್ಕ ಹಾಕಿದ್ದರು. ಹರಿವಿನ ದಿನಚರಿ ಪುಸ್ತಕ ತೆರೆದು ನೋಡಿದಾಗ ವರ್ಷದ ಅರ್ಧದಷ್ಟು ದಿನ ಅದರ ಮೂರರಲ್ಲೊಂದು ಭಾಗವೂ ಹರಿದಿರಲಿಲ್ಲ. ವರದಿ ಬರೆದವರು ಸುಳ್ಳು ಹೇಳಿರಲಿಲ್ಲ, ಪುಸ್ತಕ ತೆರೆದಿರಲಿಲ್ಲ ಅಷ್ಟೆ. ಅನಿಲದ ಬೆಲೆ ಏರಿದಾಗ ನಮ್ಮಲ್ಲಿ ಕಾರ್ಖಾನೆಗಳು ಬೇರೆ ಇಂಧನಕ್ಕೆ ತಿರುಗುತ್ತವೆ, ಆಮದು ಬೀಳುತ್ತದೆ, ಅದರೊಡನೆ ಶೈತ್ಯವೂ ಬೀಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮಗೆ ಜಪಾನಿಗಿಂತ ಅನುಕೂಲವಿದೆ, ಅದು ಬೆಚ್ಚಗಿನ ಸಮುದ್ರ. ಒಸಾಕಾ ಕೊಲ್ಲಿಯ ನೀರು ಚಳಿಗಾಲದಲ್ಲಿ ಹತ್ತು ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಆಗ ಪ್ರೊಪೇನ್ ಮೂರ್ನಾಲ್ಕು ಡಿಗ್ರಿಯಲ್ಲಿ ಕುದಿಯಬೇಕು, ಕಾರ್ನೋ ಮಿತಿ ಶೇಕಡ 16ಕ್ಕಿಂತ ಕೆಳಗೆ ಬರುತ್ತದೆ. ನಮ್ಮ ಅರಬ್ಬಿ ಸಮುದ್ರದ ದಕ್ಷಿಣ ತೀರದ ಮೇಲ್ಮೈ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಇರುವುದರಿಂದ 20 ಡಿಗ್ರಿಯಲ್ಲಿ ಕುದಿಸಬಹುದು, ಮಿತಿ ಶೇಕಡ 20ನ್ನು ದಾಟುತ್ತದೆ. ಅದೇ ಯಂತ್ರ, ಅದೇ ಅನಿಲ, ಚಳಿಗಾಲದ ಒಸಾಕಾಕ್ಕಿಂತ ಕಾಲುಭಾಗಕ್ಕೂ ಹೆಚ್ಚು ವಿದ್ಯುತ್. ವಿದೇಶದ ಅಂಕಿಗಳನ್ನು ತಂದು ನೇರವಾಗಿ ಇಲ್ಲಿ ಅಂಟಿಸುವವರು ಈ ಲಾಭವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ಒಂದು ಟರ್ಮಿನಲ್‌ನವರು ನನ್ನನ್ನು ಕೇಳಿದರೆ ನಾನು ಮೊದಲು ಹೇಳುವುದು ಟರ್ಬೈನ್ ಬಗ್ಗೆ ಅಲ್ಲ. ಶೈತ್ಯವನ್ನು ಶೈತ್ಯವಾಗಿಯೇ ಕೊಳ್ಳುವವರು ಪಕ್ಕದಲ್ಲಿದ್ದಾರೆಯೇ ನೋಡಿ ಎಂದು. ಗಾಳಿಯಿಂದ ಆಮ್ಲಜನಕ, ಸಾರಜನಕಗಳನ್ನು ಬೇರ್ಪಡಿಸಿ ದ್ರವವಾಗಿಸುವ ಕಾರ್ಖಾನೆಗೆ ಬೇಕಾಗಿರುವುದು ಮೈನಸ್ 150 ಮತ್ತು ಅದಕ್ಕೂ ಆಳದ ಹೊಂಡವೇ, ಅದನ್ನು ಅವರು ವಿದ್ಯುತ್ ಸುಟ್ಟು ತಾವೇ ತೋಡಿಕೊಳ್ಳುತ್ತಾರೆ. ಎಲ್‌ಎನ್‌ಜಿಯ ಶೈತ್ಯ ಸಿಕ್ಕರೆ ಅವರ ವಿದ್ಯುತ್ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಟರ್ಬೈನ್ ಎಸೆಯುವ ಆಳದ ಭಾಗವನ್ನೇ ಇದು ಬಳಸಿಕೊಳ್ಳುತ್ತದೆ. ಅದೇ ಇದರ ಹೆಚ್ಚುಗಾರಿಕೆ. ಸೆನ್‌ಬೊಕುವಿನಲ್ಲಿ ಗಾಳಿ ಬೇರ್ಪಡಿಸುವ ಘಟಕ, ಇಂಗಾಲದ ಡೈಆಕ್ಸೈಡ್ ದ್ರವವಾಗಿಸುವ ಘಟಕಗಳೂ ಇದೇ ಶೈತ್ಯದಲ್ಲಿ ಪಾಲು ಪಡೆದಿವೆ. ಆಮ್ಲಜನಕವೂ ಹೈಡ್ರೋಕಾರ್ಬನ್ನೂ ಒಂದೇ ಸಲಕರಣೆಯಲ್ಲಿ ಎದುರುಬದುರಾಗದಂತೆ ನಡುವೆ ಸಾರಜನಕದ ಸುತ್ತೊಂದನ್ನು ಇಟ್ಟಿರಬೇಕು ಎಂಬುದು ಇಲ್ಲಿ ರಾಜಿಯಿಲ್ಲದ ನಿಯಮ.

ಶೈತ್ಯದ ದೊಡ್ಡ ತೊಂದರೆ, ಅದನ್ನು ಕೊಳವೆಯಲ್ಲಿ ಒಂದೆರಡು ಕಿಲೋಮೀಟರ್‌ಗಿಂತ ದೂರ ಒಯ್ಯುವುದು ಕಷ್ಟ. ದ್ರವ ಸಾರಜನಕವಾಗಿ ಮಾರ್ಪಟ್ಟ ಶೈತ್ಯ ಮಾತ್ರ ಟ್ಯಾಂಕರ್ ಹತ್ತಿ ಊರೂರಿಗೆ ಹೋಗುತ್ತದೆ. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವ ಅಲ್ಯೂಮಿನಿಯಂ ಕ್ಯಾನನ್ನು ನೋಡಿದ್ದೀರಾ? ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಕತ್ತಿನಿಂದ ಮೇಲೇಳದೆ ಕೆಳಕ್ಕೆ ಇಳಿಯುತ್ತದೆ. ಒಳಗಿರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಕರಾವಳಿಯ ಟರ್ಮಿನಲ್‌ನ ಶೈತ್ಯ ಮಲೆನಾಡಿನ ಕೊಟ್ಟಿಗೆಯವರೆಗೆ ತಲುಪಲು ಸಾಧ್ಯವಿರುವ ದಾರಿ ಅದು. ಮೀನಿನ ಶೈತ್ಯಾಗಾರಕ್ಕೂ ಇದನ್ನು ಬಳಸಬಹುದು, ನೆಗಿಶಿ ಬಳಿ ಟ್ಯೂನಾ ಮೀನನ್ನು ಹಾಗೆ ಇಡುತ್ತಾರೆ. ಆದರೆ ಮೈನಸ್ 160ರ ಶೈತ್ಯವನ್ನು ಮೈನಸ್ 25ರ ಕೆಲಸಕ್ಕೆ ನೇರವಾಗಿ ಬಳಸುವುದು ಗಂಧದ ಕೊರಡನ್ನು ಒಲೆಗೆ ಒಟ್ಟಿದಂತೆ. ಮೊದಲು ಗಾಳಿ ಬೇರ್ಪಡಿಕೆ, ಆಮೇಲೆ ವಿದ್ಯುತ್, ಉಳಿದ ಮಂದ ಶೈತ್ಯ ಮೀನಿಗೆ ಅಥವಾ ಕಟ್ಟಡಗಳ ಹವಾನಿಯಂತ್ರಣಕ್ಕೆ, ಹೀಗೆ ಮೆಟ್ಟಿಲಿಳಿದಂತೆ ಬಳಸಬೇಕು.

ಕೊನೆಯದಾಗಿ ನಿಮ್ಮ ಮಂಗಳೂರು. ಅಲ್ಲಿಗೆ ಬರುವ ಅನಿಲ ಕೊಚ್ಚಿಯಲ್ಲೇ ಸಾಮಾನ್ಯ ಉಷ್ಣಾಂಶಕ್ಕೆ ಬಂದು, ನೆಲದಡಿಯ ಕೊಳವೆಯಲ್ಲಿ ಮಣ್ಣಿನ ಬಿಸುಪನ್ನೇ ತಳೆದು ಬರುತ್ತದೆ. ಶೈತ್ಯ ಉಳಿದಿಲ್ಲ, ಒತ್ತಡ ಉಳಿದಿದೆ. ಮುಖ್ಯ ಕೊಳವೆಯ ಹೆಚ್ಚಿನ ಒತ್ತಡವನ್ನು ನಗರದ ಪ್ಲಾಸ್ಟಿಕ್ ಕೊಳವೆಗಳ 4 ಬಾರ್‌ವರೆಗೆ ಹಂತಹಂತವಾಗಿ ಇಳಿಸುವ ಕೇಂದ್ರಗಳಲ್ಲಿ ಅನಿಲ ಕವಾಟದ ಮೂಲಕ ನುಗ್ಗುವಾಗ ಪ್ರತಿ ಬಾರ್‌ಗೆ ಸುಮಾರು ಅರ್ಧ ಡಿಗ್ರಿಯಂತೆ ತಣ್ಣಗಾಗುತ್ತದೆ. ಕವಾಟದ ಮುಂದಿನ ಕೊಳವೆಯ ಮೇಲೆ ನೀರು ಹನಿಗಟ್ಟಿರುವುದು ಅದರ ಗುರುತು. ಮೊದಲು ಹೇಳಿದ 190 ಯೂನಿಟ್‌ನ ಪಾಲು, ದಾರಿಯಲ್ಲಿ ಸವೆದದ್ದು ಬಿಟ್ಟು, ಮುಗಿಯುವುದು ಈ ಕವಾಟಗಳಲ್ಲಿ. ಅಲ್ಲಿ ಕವಾಟದ ಬದಲು ಸಣ್ಣ ಟರ್ಬೈನ್ ಇಟ್ಟು ವಿದ್ಯುತ್ ಪಡೆಯುವ ತಂತ್ರ ಇದೆ, ಆದರೆ ಹಿಗ್ಗುವಾಗ ಅನಿಲ ಕವಾಟದಲ್ಲಿಗಿಂತ ಬಹಳ ಹೆಚ್ಚು ತಣಿಯುವುದರಿಂದ ಮೊದಲೇ ಅದನ್ನು ಬಿಸಿಮಾಡಬೇಕು. ನಿಮ್ಮಲ್ಲಿ ಇಂಥದ್ದೇನಾದರೂ ಆಗಬೇಕಾದರೆ, ಹರಿವು ಹಗಲು ರಾತ್ರಿ ಒಂದೇ ಸಮ ಇರುವ ರಸಗೊಬ್ಬರ ಕಾರ್ಖಾನೆಯಂಥ ಗ್ರಾಹಕನ ಬಾಗಿಲಲ್ಲಿ, ಅವರ ಬಾಯ್ಲರ್‌ನಿಂದ ಹೊರಹೋಗುವ ವ್ಯರ್ಥ ಶಾಖವನ್ನು ಈ ಬಿಸಿಮಾಡುವಿಕೆಗೆ ಬಳಸಿಕೊಂಡು ಆಗಬೇಕು. ಮುಂದೆ ಎಂದಾದರೂ ಮಂಗಳೂರಿಗೇ ಎಲ್‌ಎನ್‌ಜಿ ಹಡಗು ಬಂದು ನಿಲ್ಲುವ ಟರ್ಮಿನಲ್ ಕಟ್ಟುವುದಾದರೆ, ನಕ್ಷೆ ಬರೆಯುವಾಗಲೇ ಪ್ರೊಪೇನ್ ನಡುವಿರುವ ವೇಪರೈಸರ್ ಆರಿಸಿ, ಟರ್ಬೈನ್‌ಗೂ ಗಾಳಿ ಬೇರ್ಪಡಿಸುವ ಘಟಕಕ್ಕೂ ಒಂದಿಷ್ಟು ಜಾಗ ಮೀಸಲಿಡುವಂತೆ ಒತ್ತಾಯಿಸಿ. ಅವುಗಳಿಗೆ ದ್ರವ ಒಯ್ಯುವ ಕೊಳವೆಗಳ ಕವಲುಬಾಯಿಗಳನ್ನು ಆರಂಭದಲ್ಲೇ ಇಡದಿದ್ದರೆ, ಆಮೇಲೆ ಅವನ್ನು ಬೆಸೆಯಲು ಇಡೀ ಟರ್ಮಿನಲ್ ನಿಲ್ಲಿಸಿ, ಬೆಚ್ಚಗಾಗಿಸಿ, ಅನಿಲವನ್ನೆಲ್ಲ ಸಾರಜನಕದಿಂದ ಹೊರದೂಡಬೇಕಾಗುತ್ತದೆ, ಅದಕ್ಕೆ ಯಾರೂ ಒಪ್ಪುವುದಿಲ್ಲ.